ವಾಕಿಂಗ್ ತೋಪಿನ ನೆಲದಲ್ಲಿ ಕಾಡುಹೂ ಬೆಳೆಸುವುದು: ಚಿತ್ರದುರ್ಗ, ದಾವಣಗೆರೆ ಸೀಮೆಗೆ ಸಮಗ್ರ ಮಾರ್ಗದರ್ಶಿ

ಜೋಗಿಮಟ್ಟಿಯ ಬುಡ, ಚಂದ್ರವಳ್ಳಿ ಕೆರೆಯ ಸುತ್ತಮುತ್ತ, ಹರಿಹರದ ಹತ್ತಿರದ ಕೊಂಡಜ್ಜಿ ಕಾಡು, ಊರಂಚಿನ ವೃಕ್ಷೋದ್ಯಾನಗಳು, ಕಾಲೇಜು ಕ್ಯಾಂಪಸ್ಸಿನ ಬೇವು-ಹೊಂಗೆ ತೋಪುಗಳು. ನಮ್ಮ ಎರಡು ಜಿಲ್ಲೆಯಲ್ಲಿ ಜನ ಬೆಳಗ್ಗೆ ನಡೆಯಲು, ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಲು ಮರದ ನೆರಳಿಗೆ ಕೊರತೆಯಿಲ್ಲ. ಆದರೆ ಮರದ ಕೆಳಗಿನ ನೆಲ ನೋಡಿ. ಒಂದೋ ಗುಡಿಸಿದ ಬಯಲು, ಇಲ್ಲವೇ ಸೊಂಟದೆತ್ತರದ ಪಾರ್ಥೇನಿಯಂ.

ಈ ನೆಲದಲ್ಲಿ ವಿಷ್ಣುಕ್ರಾಂತಿ, ತುಂಬೆ, ಗೋರಂಟೆ, ಗೌರಿಹೂವು ಮತ್ತೆ ಕಾಣಬೇಕೆಂದರೆ ಏನು ಮಾಡಬೇಕು? ಬೀಜ ತಂದು ಎರಚುವುದು ಇದರಲ್ಲಿ ಸಣ್ಣ ಪಾಲು. ಯಾವಾಗ ಕೊಯ್ಯಬೇಕು, ಜನರ ಕಾಲು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬ ಎರಡು ವಿಷಯ ಸರಿಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಹಾಗಾಗಿ ಇಲ್ಲಿ ಬಿತ್ತನೆಗಿಂತ ಆ ಎರಡರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ಒಪ್ಪಿಗೆ

ಜಾಗ ಯಾರದ್ದು ಎಂದು ತಿಳಿದುಕೊಳ್ಳಿ. ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಜಗಳೂರು ಕಡೆಯ ರಂಗಯ್ಯನದುರ್ಗ ಕೊಂಡುಕುರಿಗಾಗಿಯೇ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗಾಗಿಯೇ ಮೀಸಲಾದ ಧಾಮ. ಇಂಥ ಕಡೆ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಒಳಗೆ ಗಿಡ ಕೀಳುವುದು, ಬೀಜ ತರುವುದು, ಹೊರಗಿನ ಬೀಜ ಹಾಕುವುದು ಯಾವುದನ್ನೂ ನಿಮ್ಮಿಷ್ಟಕ್ಕೆ ಮಾಡುವಂತಿಲ್ಲ. ಮೀಸಲು ಅರಣ್ಯದಲ್ಲೂ ಅಷ್ಟೇ. ವಲಯ ಅರಣ್ಯಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಡಿ, ಅವರ ಜೊತೆಯಲ್ಲೇ ಕೆಲಸ ಮಾಡಿ. ಗ್ರಾಮ ಅರಣ್ಯ ಸಮಿತಿ ಇರುವ ಊರಾದರೆ ಅವರನ್ನು ಮೊದಲೇ ಸೇರಿಸಿಕೊಳ್ಳಿ. ಮುಂದೆ ಕುರಿ, ಮೇಕೆಯ ಮಾತು ಬಂದಾಗ ಅವರೇ ನಿಮಗೆ ಆಸರೆ. ಶುರು ಮಾಡಲು ಒಳ್ಳೆಯ ಜಾಗ ಎಂದರೆ ವೃಕ್ಷೋದ್ಯಾನ, ಕ್ಯಾಂಪಸ್ ತೋಪು, ಬಡಾವಣೆಯ ಪಾರ್ಕು. ಒಪ್ಪಿಗೆ ಬೇಗ ಸಿಗುತ್ತದೆ, ನಿಗಾ ಇಡುವುದೂ ಸುಲಭ.

ಒಂದು ಮಳೆಗಾಲ ಸುಮ್ನೆ ನೋಡಿ

ಇದನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ಮೊದಲ ಮಳೆಗಾಲದಲ್ಲಿ ಏನೂ ಬಿತ್ತಬೇಡಿ. ತೋಪಿನ ಮೂರು ನಾಲ್ಕು ಬೇರೆ ಬೇರೆ ಕಡೆ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿ. ಒಂದು ನೆರಳಿನಲ್ಲಿರಲಿ, ಒಂದು ತೋಪಿನ ಅಂಚಿನಲ್ಲಿ, ಒಂದು ಕಲ್ಲುನೆಲದಲ್ಲಿ. ಒಳಗೆ ಪಾರ್ಥೇನಿಯಂ ಮಾತ್ರ ಕಿತ್ತು, ಮಿಕ್ಕದ್ದನ್ನು ಕಾರ್ತಿಕದವರೆಗೂ ಮುಟ್ಟಬೇಡಿ.

ಎಷ್ಟೋ ಕಡೆ ಬೀಜ ಆಗಲೇ ಮಣ್ಣಿನಲ್ಲಿರುತ್ತದೆ, ಗೆಡ್ಡೆ ನೆಲದಡಿಯಲ್ಲಿ ಬದುಕಿರುತ್ತದೆ. ಪ್ರತಿ ವರ್ಷ ಹೂ ಬರುವ ಹೊತ್ತಿಗೆ ಸರಿಯಾಗಿ ಯಾರೋ ಕುಡುಗೋಲು ಹಾಕುತ್ತಾರೆ ಅಷ್ಟೇ. ಸ್ವಾತಂತ್ರ್ಯ ದಿನಾಚರಣೆಗೆ ಒಂದು ಸಲ ಸ್ವಚ್ಛತೆ, ದಸರಾಗೆ ಇನ್ನೊಂದು ಸಲ. ಬೀಜ ಕಟ್ಟುವ ಮೊದಲೇ ಎರಡು ಸಲ ತಲೆ ಕಡಿದರೆ ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಗಿಡ ಎಷ್ಟು ವರ್ಷ ತಡೆದೀತು? ಬೇಲಿಯೊಳಗೆ ತಾನಾಗಿ ನಾಲ್ಕೈದು ಬಗೆಯ ಹೂ ಎದ್ದರೆ ನಿಮಗೆ ಬೀಜದ ಖರ್ಚೇ ಇಲ್ಲ, ನೇರವಾಗಿ ಕಟಾವಿನ ಭಾಗಕ್ಕೆ ಹೋಗಿ. ಏನೂ ಏಳದ ಕಡೆ ಮಾತ್ರ ಬಿತ್ತನೆ ಬೇಕು.

ಬಿಸಿಲು, ಮಣ್ಣು

ಚಳಿದೇಶದ ಪುಸ್ತಕಗಳಲ್ಲಿ ಒಂದು ಸೂತ್ರ ಸಿಗುತ್ತದೆ: ಮರ ಎಲೆ ಬಿಡುವ ಮೊದಲೇ, ವಸಂತದ ಬಿಸಿಲಲ್ಲಿ ನೆಲದ ಹೂ ಅರಳಿ ಮುಗಿಯುತ್ತದೆ ಎಂದು. ನಮ್ಮಲ್ಲಿ ಅದು ನಡೆಯುವುದಿಲ್ಲ. ನಮ್ಮ ಒಣ ಕಾಡಿನ ಮರಗಳು ಬೋಳಾಗಿರುವಾಗ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ನೆಲಕ್ಕೆ ಬಿಸಿಲು ಬೇಕಾದಷ್ಟಿರುತ್ತದೆ, ಆದರೆ ಹನಿ ನೀರಿಲ್ಲ. ಆಗ ಹೂ ಬಿಡುವ ಧೈರ್ಯ ಕಾಡೀರುಳ್ಳಿಯಂಥ ಗೆಡ್ಡೆಯ ಗಿಡಗಳಿಗೆ ಮಾತ್ರ. ಅದು ಎಲೆಯೇ ಇಲ್ಲದೆ ಬರೀ ಹೂದಂಟು ಎತ್ತಿ ನಿಲ್ಲಿಸುತ್ತದೆ. ಮಿಕ್ಕ ಹೂಗಳಿಗೆಲ್ಲ ಮಳೆ ಬರಬೇಕು, ಮಳೆ ಬಂದಾಗ ಮರವೂ ಎಲೆ ತುಂಬಿಕೊಳ್ಳುತ್ತದೆ. ಹಾಗಾಗಿ ದಟ್ಟ ನೆರಳಿನಲ್ಲಿ ಹೂ ನಿರೀಕ್ಷೆ ಮಾಡಬೇಡಿ. ತೋಪಿನ ಅಂಚು, ಮರಗಳ ನಡುವಿನ ತೆರಪು, ಕಾಲುದಾರಿಯ ಎರಡೂ ಬದಿ, ಬಂಡೆಯ ಬುಡ. ಇವೇ ನಿಮ್ಮ ಹೂವಿನ ಜಾಗ.

ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ ತೋಪಿಗೆ ಹೋಗಿ, ನೆಲದ ಮೇಲೆ ಬಿಸಿಲು ಎಲ್ಲೆಲ್ಲಿ ಬಿದ್ದಿದೆ ನೋಡಿ. ಅರ್ಧಕ್ಕಿಂತ ಹೆಚ್ಚು ಬಿಸಿಲಿರುವ ಕಡೆ ಬಹುತೇಕ ಎಲ್ಲ ಹೂವೂ ಬರುತ್ತದೆ. ಬೇವು, ಕಮರ, ಮುತ್ತುಗದ ಕೆಳಗೆ ಬೆಳಕು ಸೋಸಿ ಬರುತ್ತದೆ, ಅಲ್ಲಿ ಗೋರಂಟೆ, ಕನ್ನೆಸೊಪ್ಪು, ಶತಾವರಿ ಒಗ್ಗುತ್ತವೆ. ಹುಣಸೆಯ ಕೆಳಗೆ, ಒತ್ತಾಗಿ ನೆಟ್ಟ ಹೊಂಗೆಯ ಕೆಳಗೆ ಶ್ರಮ ಹಾಕಬೇಡಿ. ಅಲ್ಲಿ ಬೆಂಚು ಹಾಕಿ, ಜನ ಕೂರಲಿ. ನೀಲಗಿರಿ ನೆಡುತೋಪಾದರೆ ಒಣಗಿದ ಎಲೆ, ತೊಗಟೆ ದಪ್ಪಗೆ ಬಿದ್ದು ಸಣ್ಣ ಬೀಜ ಮಣ್ಣಿಗೆ ಮುಟ್ಟುವುದೇ ಇಲ್ಲ. ಅಲ್ಲಿ ಮೂರಡಿ ಅಗಲದ ಪಟ್ಟಿಗಳಲ್ಲಿ ಎಲೆ ಎಳೆದು ತೆಗೆಯಬೇಕು.

ಮಣ್ಣಿಗೆ ಗೊಬ್ಬರ ಹಾಕಬೇಡಿ. ಸಗಣಿ, ಯೂರಿಯಾ, ಕೆರೆಗೋಡು ಯಾವುದೂ ಬೇಡ. ಕಾಡುಹೂಗಳಿಗೆ ಬಡ ಮಣ್ಣೇ ಸರಿ. ಸಾರ ಹೆಚ್ಚಾದರೆ ಲಾಭ ಹುಲ್ಲಿಗೆ ಮತ್ತು ಪಾರ್ಥೇನಿಯಂಗೆ. ಚಿತ್ರದುರ್ಗದ ಗೊರಚಲು ಕೆಂಪು ಮಣ್ಣು ಈ ಕೆಲಸಕ್ಕೆ ವರ ಇದ್ದಂತೆ. ದಾವಣಗೆರೆ ಕಡೆಯ ಎರೆಮಣ್ಣು ಕಷ್ಟ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಅಲ್ಲಿ ದಿಣ್ಣೆಯಾಗಿರುವ, ನೀರು ನಿಲ್ಲದ ಜಾಗ ಹುಡುಕಿ. ಭದ್ರಾ ನಾಲೆಯ ನೀರು ಹರಿಯುವ ಕಡೆಯಾದರೆ ನೀರಿನ ಜೊತೆ ಕಳೆಬೀಜವೂ ಬರುತ್ತದೆ ಎಂದು ನೆನಪಿರಲಿ.

ಕಾಲುದಾರಿ ಕಟ್ಟುವುದು

ವಾಕಿಂಗ್ ಜಾಗದಲ್ಲಿ ಹೂವಿನ ದೊಡ್ಡ ಶತ್ರು ಚಪ್ಪಲಿ. ಒಂದು ಉದ್ದ ಮೊಳೆ ತೆಗೆದುಕೊಂಡು, ಮಳೆಯಾದ ಮರುದಿನ, ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ನೋಡಿ. ಸರಾಗವಾಗಿ ಇಳಿದರೆ ಬೇರೂ ಇಳಿಯುತ್ತದೆ. ಕಾಲಿಂಚೂ ಇಳಿಯದಿದ್ದರೆ ಆ ನೆಲ ದಾರಿಯಾಗಿ ಹೋಗಿದೆ ಎಂದರ್ಥ. ಅದನ್ನು ದಾರಿಯಾಗಿಯೇ ಬಿಡುವುದು ಜಾಣತನ.

ಜನ ಈಗಾಗಲೇ ನಡೆಯುವ ಜಾಡುಗಳಲ್ಲಿ ಮುಖ್ಯವಾದದ್ದನ್ನು ಆರಿಸಿ, ಇಬ್ಬರು ಮಾತಾಡಿಕೊಂಡು ಜೊತೆಯಲ್ಲಿ ನಡೆಯುವಷ್ಟು, ಅಂದರೆ ಐದಾರಡಿ ಅಗಲ ಮಾಡಿ. ಇದಕ್ಕಿಂತ ಕಿರಿದಾದರೆ ಒಬ್ಬರು ಹೂವಿನ ಮೇಲೆಯೇ ನಡೆಯುತ್ತಾರೆ. ಎರಡೂ ಬದಿಗೆ ಗುಂಡುಕಲ್ಲು ಜೋಡಿಸಿ. ಕಲ್ಲಿಗೆ ನಮ್ಮ ದುರ್ಗದಲ್ಲಿ ಬರವೇ? ಮಿಕ್ಕ ಅಡ್ಡಜಾಡುಗಳ ಬಾಯಿಗೆ ಮುಳ್ಳುಕೊಂಬೆ ಅಡ್ಡ ಹಾಕಿ, ಎರಡು ವರ್ಷ ಬಿಡಿ. ಬೋರ್ಡಿಗಿಂತ ಮುಳ್ಳು ಚೆನ್ನಾಗಿ ಮಾತಾಡುತ್ತದೆ. ಆದರೂ ಒಂದು ಸಣ್ಣ ಬೋರ್ಡು ಬೇಕು: ‘ಇಲ್ಲಿ ಕಾಡುಹೂ ಬೆಳೆಯುತ್ತಿದೆ, ಡಿಸೆಂಬರಿನಲ್ಲಿ ಕೊಯ್ಯುತ್ತೇವೆ’. ಡಿಸೆಂಬರ್ ಎಂಬ ಮಾತು ಬಹಳ ಮುಖ್ಯ. ಅದಿಲ್ಲದಿದ್ದರೆ ‘ಪಾರ್ಕು ಹಾಳುಬಿದ್ದಿದೆ’ ಎಂದು ದೂರು ಹೋಗುತ್ತದೆ, ಮರುದಿನವೇ ಕಟಿಂಗ್ ಮಷಿನ್ ಬರುತ್ತದೆ.

ದಾರಿಯ ಅಂಚಿಗೆ ಮೂರಡಿ ಪಟ್ಟಿಯನ್ನು ವರ್ಷವಿಡೀ ಗಿಡ್ಡವಾಗಿ ಸವರಿ ಇಡಿ. ಇದಕ್ಕೆ ಮೂರು ಕಾರಣ. ಹಾವು ಕಂಡರೆ ಕಾಣಲಿ, ಉತ್ತರಾಣಿ ಮತ್ತು ಊಬಿನ ಹುಲ್ಲು ಬಟ್ಟೆಗೆ ಅಂಟದಿರಲಿ, ಮತ್ತು ಅಂಚು ನೀಟಾಗಿದ್ದರೆ ಹಿಂದಿನ ಪೊದೆ ಬೇಕೆಂದೇ ಬಿಟ್ಟಿದ್ದು ಎಂದು ನೋಡುವವರಿಗೆ ಅರ್ಥವಾಗುತ್ತದೆ. ಈ ಗಿಡ್ಡ ಪಟ್ಟಿಯಲ್ಲೇ ವಿಷ್ಣುಕ್ರಾಂತಿ ಚೆನ್ನಾಗಿ ಬರುತ್ತದೆ. ನೆಲಕ್ಕೆ ಅಂಟಿಕೊಂಡೇ ಹರಡುವ ಗಿಡ, ಎತ್ತರದ ಹುಲ್ಲಿನ ನಡುವೆ ಅದು ಸೋಲುತ್ತದೆ.

ಕಳೆ

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಬೆಳೆಯ ಜೊತೆ ಕಳೆಯೂ ಏಳುತ್ತದೆ, ನಮಗೆ ಅದೇ ಅನುಕೂಲ. ಏಪ್ರಿಲ್ ಕೊನೆಯಿಂದ ಮೇ ವರೆಗಿನ ಭರಣಿ, ಕೃತ್ತಿಕೆ ಮಳೆಗೆ ಮೊದಲ ಪಾರ್ಥೇನಿಯಂ ಮೊಳೆಯುತ್ತದೆ. ಮಣ್ಣು ಹಸಿ ಇರುವಾಗಲೇ, ಹೂ ಬರುವ ಮೊದಲು, ಬೇರುಸಮೇತ ಕೀಳಿ. ಜೂನಿನ ಮೃಗಶಿರ ಮಳೆಗೆ ಎರಡನೇ ಹುಟ್ಟು, ಅದನ್ನೂ ಕೀಳಿ. ಎರಡು ಸಲ ಹೀಗೆ ಮಾಡಿ ಆಮೇಲೆ ಬಿತ್ತಿದರೆ ನಿಮ್ಮ ಹೂವಿನ ಸಸಿಗೆ ಪೈಪೋಟಿ ಬಹಳ ಕಮ್ಮಿ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಬೇಕೇ ಬೇಕು. ಪಾರ್ಥೇನಿಯಂ ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ. ಹೂ ಬಂದ ಮೇಲೆ ಕೀಳುವುದು ಬೀಜ ಬಿತ್ತಿದ ಹಾಗೆಯೇ, ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಕೊಡುತ್ತದೆ. ಎಲೆಯ ಮೇಲೆ ಬಿಳುಪು ಬೆನ್ನಿನ, ಕಂದು ಗೀರಿನ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆಯ ಸಂತಾನ, ಪಾರ್ಥೇನಿಯಂ ಎಲೆಯೇ ಅದರ ಊಟ.

ಲಂಟಾನವನ್ನು ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಕೆದರಿ, ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಿ. ಚಿಗುರುವ ಕಣ್ಣುಗಳು ಬೇರಿನ ಆ ಮೇಲ್ಭಾಗದಲ್ಲೇ ಇರುತ್ತವೆ. ದೊಡ್ಡ ಪೊದೆಗಳನ್ನು ಒಂದೇ ವರ್ಷ ಪೂರ್ತಿ ತೆಗೆಯದೆ ಎರಡು ಮೂರು ವರ್ಷಕ್ಕೆ ಹಂಚಿ. ಒಮ್ಮೆಗೇ ಬಯಲಾದ ನೆಲಕ್ಕೆ ಮೊದಲು ನುಗ್ಗುವುದು ಪಾರ್ಥೇನಿಯಮ್ಮೇ, ಅಲ್ಲದೆ ಹಕ್ಕಿಗಳಿಗೂ ಪೊದೆ ಬೇಕು. ಬಳ್ಳಾರಿ ಜಾಲಿಯ ಕೆಲಸ ಅರಣ್ಯ ಇಲಾಖೆಗೇ ಬಿಡಿ.

ಒಂದು ಮಾತು: ಚಂದದ ಹೂವೆಲ್ಲ ನಮ್ಮದಲ್ಲ. ಮಕ್ಕಳು ನೀರಿಗೆ ಹಾಕಿ ಪಟ್ ಎನ್ನಿಸುವ ಪಟಪಟಿ ಕಾಯಿಯ ನೇರಳೆ ಹೂ, ಹಳದಿ ದತ್ತೂರಿ, ಗಾಯಕ್ಕೆ ಹಿಂಡುವ ಟ್ರೈಡ್ಯಾಕ್ಸ್, ಪ್ಯಾಕೆಟ್ಟಿನಲ್ಲಿ ಸಿಗುವ ಕಾಸ್ಮಾಸ್, ಜೀನಿಯಾ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಮೊದಲ ಮೂರನ್ನು ಹುಡುಕಿ ಹುಡುಕಿ ಕೀಳಬೇಕಾಗಿಲ್ಲ, ಆದರೆ ಬಿತ್ತಲೂಬೇಡಿ. ಕಾಸ್ಮಾಸ್ ಅಂತೂ ಬೇಡವೇ ಬೇಡ, ಒಮ್ಮೆ ಹೊಕ್ಕರೆ ತಾನಾಗಿ ಬೀಜ ಚೆಲ್ಲಿಕೊಂಡು ಹರಡುತ್ತದೆ.

ಯಾವ ಹೂ ಆರಿಸಬೇಕು

ಆರೇಳು ಬಗೆ ಸಾಕು. ಮೊದಲ ಸಾಲಿಗೆ ತುಂಬೆ. ಬಡ ನೆಲದಲ್ಲೂ ಬರುತ್ತದೆ, ದನ ಅಷ್ಟಾಗಿ ಮುಟ್ಟುವುದಿಲ್ಲ, ಶಿವಪೂಜೆಗೆ ಬೇಕಾದ ಹೂವಾದ್ದರಿಂದ ಜನರಿಗೂ ಪ್ರೀತಿ, ಜೇನಿಗಂತೂ ಹಬ್ಬ. ಜೊತೆಗೆ ನೀಲಿ ಚುಕ್ಕಿಯಂಥ ವಿಷ್ಣುಕ್ರಾಂತಿ. ತೇವ ಇರುವ ನೆರಳಿಗೆ ಕನ್ನೆಸೊಪ್ಪು. ಬಿಸಿಲಿನ ತೆರಪಿಗೆ ಗಿಲಿಗಿಚ್ಚಿ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಎನ್ನುವ ಗಿಡ. ಇದರ ಒಣಗಿದ ಭಾಗಗಳಿಗೆ ಬ್ಲೂ ಟೈಗರ್ ಚಿಟ್ಟೆಗಳು ಮುತ್ತಿಕೊಂಡು ರಸ ಹೀರುತ್ತವೆ. ಗಂಡುಚಿಟ್ಟೆಗೆ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಆ ಕಹಿ ರಸ ಬೇಕು. ಹಾಗಾಗಿ ಗಿಡ ಒಣಗಿದ ತಕ್ಷಣ ಕೀಳಬೇಡಿ.

ಪೊದೆಗೆ ಗೋರಂಟೆ ಮತ್ತು ತಂಗಡಿ. ಗೋರಂಟೆಯ ಎಲೆ ಲೆಮನ್ ಪ್ಯಾನ್ಸಿ ಚಿಟ್ಟೆಯ ಮರಿಹುಳುಗಳಿಗೆ ಆಹಾರ. ತಂಗಡಿಯನ್ನು ಮೇಕೆಯೂ ತಿನ್ನುವುದಿಲ್ಲ, ಬರಕ್ಕೂ ಬಗ್ಗುವುದಿಲ್ಲ. ಅಂಚಿಗೆ ಸಾಲಾಗಿ ಹಾಕಿದರೆ ಅದೇ ಬೇಲಿ.

ಅಣ್ಣೆ ಹೂವಿನ ವಿಷಯದಲ್ಲಿ ತಕರಾರಿದೆ. ಅದರ ಮೂಲ ಇಲ್ಲಿಯದೋ ಆಫ್ರಿಕಾದ್ದೋ ಎಂದು ಸಸ್ಯಶಾಸ್ತ್ರದವರಲ್ಲೇ ಒಮ್ಮತವಿಲ್ಲ. ಆದರೆ ದೀಪಾವಳಿಗೆ ಸಗಣಿಯಲ್ಲಿ ಮಾಡಿದ ಹಟ್ಟೆವ್ವನ ಮೇಲೆ ಅಣ್ಣೆ, ತಂಗಡಿ, ಉತ್ತರಾಣಿ ಇಡುವ ಸೀಮೆ ನಮ್ಮದು. ಅಂಚಿನಲ್ಲಿ ಒಂದಿಷ್ಟು ಅಣ್ಣೆ ಇರಲಿ ಎನ್ನುವವನು ನಾನು.

ಗೌರಿಹೂವು, ಅದೇ ಅಗ್ನಿಶಿಖೆ, ಭಾದ್ರಪದದಲ್ಲಿ ಬೇಲಿಯ ಮೇಲೆ ಕೆಂಪು-ಹಳದಿ ಬೆಂಕಿ ಹಚ್ಚುವ ಬಳ್ಳಿ. ಎಲ್ಲರಿಗೂ ಬೇಕು. ಆದರೆ ಅದರ ಗೆಡ್ಡೆ, ಬೀಜ ಎಲ್ಲವೂ ವಿಷ. ಕಾಲ್ಚಿಸಿನ್ ಎಂಬ ವಿಷ ಅದರಲ್ಲಿದೆ, ಗೆಡ್ಡೆ ತಿಂದರೆ ಪ್ರಾಣಕ್ಕೇ ಕುತ್ತು. ಮಕ್ಕಳ ಆಟದ ಜಾಗದಿಂದ ದೂರ, ತಂಗಡಿ ಪೊದೆಯ ಒಳಗೆ ಹಾಕಿ. ಪೊದೆ ಬಳ್ಳಿಗೆ ಆಸರೆಯೂ ಆಗುತ್ತದೆ. ಕಾಡಿನಿಂದ ಗೆಡ್ಡೆ ಅಗೆದು ತರಬೇಡಿ. ಔಷಧಿಗೆಂದು ಅಗೆದೂ ಅಗೆದೂ ಎಷ್ಟೋ ಕಡೆ ಅದು ಕಾಣೆಯಾಗುತ್ತಿದೆ.

ಬೀಜ ಕೂಡಿಸುವುದು, ಹದ ಮಾಡುವುದು

ಬೀಜ ಆದಷ್ಟು ಹತ್ತಿರದ್ದಾಗಿರಲಿ. ನಿಮ್ಮ ಹೊಲದ ಬದು, ರಸ್ತೆಯಂಚು, ಖಾಲಿ ಸೈಟು ಸಾಕು. ಒಂದೇ ಗಿಡದಿಂದಲ್ಲ, ಹತ್ತಾರು ಗಿಡದಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಪ್ರತಿ ಗಿಡದಲ್ಲೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಿಡಿ. ನವೆಂಬರಿನಿಂದ ಜನವರಿ ಇದರ ಕಾಲ.

ತುಂಬೆಯ ಗೊಂಚಲು ಕಂದು ಬಣ್ಣಕ್ಕೆ ತಿರುಗಿದಾಗ ತಲೆಕೆಳಗಾಗಿ ಪೇಪರ್ ಕವರಿನಲ್ಲಿ ತೂಗುಹಾಕಿ, ಬೀಜ ತಾನಾಗಿ ಉದುರುತ್ತದೆ. ಗೋರಂಟೆ ಕಾಯಿ ಹನಿ ತಾಗಿದರೆ ಸಿಡಿದು ಬೀಜ ಎಲ್ಲೋ ಹೋಗುತ್ತದೆ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಬೀಜ ಸಿಗದಿದ್ದರೆ ಬೇಸರ ಬೇಡ, ಗೋರಂಟೆ ಕಡ್ಡಿ ನೆಟ್ಟರೂ ಬರುತ್ತದೆ. ಎಲ್ಲವನ್ನೂ ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಮಡಕೆಯಲ್ಲೋ ಕಾಗದದ ಪೊಟ್ಟಣದಲ್ಲೋ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೂಸ್ಟು ಬರುತ್ತದೆ.

ತಂಗಡಿ, ಗಿಲಿಗಿಚ್ಚಿಯ ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಸಿ ಇಳಿಸಿ, ಐದು ನಿಮಿಷ ಬಿಟ್ಟು ಬೀಜದ ಮೇಲೆ ಸುರಿದು ರಾತ್ರಿಯಿಡೀ ನೆನೆಸಿ. ಉಬ್ಬಿದ ಬೀಜ ಬಿತ್ತಿ, ಉಬ್ಬದಿದ್ದದ್ದಕ್ಕೆ ಇನ್ನೊಮ್ಮೆ ಹಾಗೆಯೇ ಮಾಡಿ. ಗೌರಿಹೂವಿನ ಬೀಜ ಮೊಳೆಯಲು ತಿಂಗಳುಗಳೇ ಬೇಕು, ಹೂ ಬರಲು ಎರಡು ಮೂರು ವರ್ಷ. ನರ್ಸರಿಯ ಗೆಡ್ಡೆ ಸಿಕ್ಕರೆ ಅದೇ ಲೇಸು. ಗೆಡ್ಡೆ ನೇಗಿಲಿನ ಆಕಾರದಲ್ಲಿ ಎರಡು ಕವಲಾಗಿರುತ್ತದೆ, ಮೊಳಕೆ ಕವಲಿನ ತುದಿಯಲ್ಲಿರುತ್ತದೆ. ತುದಿ ಮುರಿದರೆ ಗೆಡ್ಡೆ ದಂಡ.

ಮಣ್ಣಿನಲ್ಲಿ ಬೀಜ ಸೇರಿಸಿ ಕಟ್ಟುವ ಬೀಜದುಂಡೆಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೇವು, ಹೊಂಗೆಯಂಥ ದಪ್ಪ ಬೀಜಕ್ಕೆ ಅದು ಇರಲಿ. ತುಂಬೆಯಂಥ ಪುಟ್ಟ ಬೀಜ ಉಂಡೆಯ ಹೊಟ್ಟೆಯಲ್ಲಿ ಸಿಕ್ಕಿದರೆ ಮೇಲೆ ಬರಲಾರದು, ಬಂದರೂ ಒಂದೇ ಕಡೆ ಹತ್ತು ಸಸಿ ಕಿತ್ತಾಡುತ್ತವೆ. ಫೋಟೋಗೆ ಚೆನ್ನ, ಹೂವಿಗಲ್ಲ.

ಬಿತ್ತನೆ

ಚಿತ್ರದುರ್ಗದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಚಳ್ಳಕೆರೆ ಕಡೆ ಇನ್ನೂ ಕಮ್ಮಿ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್, ಜುಲೈನಲ್ಲಿ ಮೋಡ ಕವಿಯುತ್ತದೆ, ಗಾಳಿ ಬೀಸುತ್ತದೆ, ನೆಲ ಮಾತ್ರ ನೆನೆಯುವುದಿಲ್ಲ. ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರೆಯೇ? ಆ ಗಾಳಿಗೆ ಮೊಳೆತ ಸಸಿ ಎರಡು ದಿನದಲ್ಲಿ ಒಣಗುತ್ತದೆ. ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಜಗಳೂರಿನವರು ಬಿತ್ತನೆಯನ್ನು ಮಖೆ, ಪುಬ್ಬೆ ಮಳೆಗೆ ಇಟ್ಟುಕೊಳ್ಳಿ. ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರ. ಚನ್ನಗಿರಿ, ಹೊನ್ನಾಳಿ ಕಡೆ ಮುಂಗಾರು ನಂಬಬಹುದು, ಆರಿದ್ರ-ಪುನರ್ವಸುವಿಗೇ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಬಿತ್ತಿ.

ಕುಂಟೆಯಲ್ಲೋ ರೇಕಿನಲ್ಲೋ ನೆಲವನ್ನು ಬೆರಳು ದಪ್ಪ ಕೆದರಿ. ಟ್ರ್ಯಾಕ್ಟರ್ ಬೇಡ, ಮರದ ಬೇರು ಹರಿಯುತ್ತದೆ, ಹೂತುಹೋದ ಕಳೆಬೀಜವೆಲ್ಲ ಮೇಲೆ ಬರುತ್ತದೆ. ಚದರ ಮೀಟರಿಗೆ ಎರಡರಿಂದ ಮೂರು ಗ್ರಾಂ ಬೀಜ, ಅದರ ಹತ್ತು ಪಟ್ಟು ಒಣ ಮರಳು, ಒಂದು ಹಿಡಿ ಬೂದಿ ಬೆರೆಸಿ. ಮರಳಿನಿಂದ ಎರಚಿದ ಜಾಗ ಕಣ್ಣಿಗೆ ಕಾಣುತ್ತದೆ, ಬೂದಿ ಇರುವೆಯನ್ನು ಸ್ವಲ್ಪ ದೂರ ಇಡುತ್ತದೆ. ಅರ್ಧ ಪಾಲು ಉದ್ದಕ್ಕೆ, ಅರ್ಧ ಪಾಲು ಅಡ್ಡಕ್ಕೆ ಎರಚಿ. ಮಣ್ಣು ಮುಚ್ಚಬೇಡಿ, ಮೇಲೆ ನಡೆದಾಡಿ ತುಳಿದರೆ ಸಾಕು. ತಂಗಡಿ ಬೀಜ ಮಾತ್ರ ಅರ್ಧ ಇಂಚು ಒಳಗೆ ಹೋಗಲಿ. ಗೋರಂಟೆ, ತಂಗಡಿಯನ್ನು ಬೇಸಿಗೆಯಲ್ಲೇ ಕವರಿನಲ್ಲಿ ಸಸಿ ಮಾಡಿಟ್ಟುಕೊಂಡು ಮೊದಲ ಹದಮಳೆಗೆ ನೆಡುವುದು ಇನ್ನೂ ಖಾತ್ರಿ.

ಇಡೀ ತೋಪನ್ನು ಒಂದೇ ಸಲ ಬಿತ್ತಬೇಡಿ. ಅಲ್ಲಲ್ಲಿ ಹತ್ತಡಿ ಅಗಲದ ತುಂಡುಗಳು ಸಾಕು, ಅಲ್ಲಿಂದ ಬೀಜ ತಾನಾಗಿ ಹರಡುತ್ತದೆ. ಮಳೆ ಕೈಕೊಟ್ಟರೆ ಮೊಳೆತ ಮೊದಲ ಮೂರು ವಾರ ಮಾತ್ರ ಝಾರಿಯಲ್ಲಿ ನೀರು ಕೊಡಿ. ಆಮೇಲೆ ಕೊಡಬೇಡಿ, ಬೇರು ಆಳಕ್ಕೆ ಇಳಿಯಲಿ. ಮೊದಲ ವರ್ಷ ಹೂ ವಿರಳ. ಆ ವರ್ಷದ ಕೆಲಸ ಒಂದೇ: ಹದಿನೈದು ದಿನಕ್ಕೊಮ್ಮೆ ಪಾರ್ಥೇನಿಯಂ ಕೀಳುವುದು. ಸಸಿ ಗುರುತಿಸಲು ಒಂದು ಉಪಾಯವಿದೆ. ಪ್ರತಿ ಬಗೆಯ ಬೀಜ ಸ್ವಲ್ಪ ಮನೆಯ ಕುಂಡದಲ್ಲೂ ಹಾಕಿ, ಅದರ ಮೊದಲೆರಡು ಎಲೆಯ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ಕಳೆಗೆ ಹೋಗಿ.

ಕಟಾವು

ಇಲ್ಲಿ ಇಲಾಖೆಯ ಅಗತ್ಯವೂ ಹೂವಿನ ಅಗತ್ಯವೂ ಒಂದೇ. ಜನವರಿಯಿಂದ ಕಾಡಿಗೆ ಬೆಂಕಿಯ ಭಯ, ಅಷ್ಟರೊಳಗೆ ಒಣಹುಲ್ಲು ಇಳಿಯಬೇಕು. ಹೆಚ್ಚಿನ ಹೂಗಳ ಬೀಜ ಡಿಸೆಂಬರ್ ಹೊತ್ತಿಗೆ ಉದುರಿರುತ್ತದೆ. ಹಾಗಾಗಿ ಡಿಸೆಂಬರ್ ಕೊನೆಯ ವಾರದಿಂದ ಸಂಕ್ರಾಂತಿಯೊಳಗೆ ಕೊಯ್ಯಿರಿ. ನೆಲಕ್ಕೆ ಹತ್ತಿ ಅಲ್ಲ, ಒಂದು ಗೇಣು ಬಿಟ್ಟು. ಕುಡುಗೋಲು ಒಳ್ಳೆಯದು. ಮಷಿನ್ನಾದರೆ ನೈಲಾನ್ ದಾರ ಹಾಕದೆ ಬ್ಲೇಡ್ ಹಾಕಿ, ಎತ್ತರ ಕಾಯ್ದುಕೊಳ್ಳಿ. ಕೊಯ್ದದ್ದನ್ನು ಎರಡು ಮೂರು ದಿನ ಅಲ್ಲೇ ಬಿಟ್ಟು, ಒದರಿ, ಆಮೇಲೆ ಹೊರಗೆ ಸಾಗಿಸಿ. ಉಳಿದ ಬೀಜ ಅಲ್ಲೇ ಉದುರುತ್ತದೆ, ಹುಲ್ಲು ಕೊಳೆತು ಗೊಬ್ಬರವಾಗುವುದೂ ತಪ್ಪುತ್ತದೆ. ಬೆಂಕಿ ಮಾತ್ರ ಹಚ್ಚಬೇಡಿ. ಪ್ರತಿ ವರ್ಷ ಐದರಲ್ಲಿ ಒಂದು ಪಾಲು ಕೊಯ್ಯದೆ ಬಿಡಿ, ಕೀಟಗಳ ಮೊಟ್ಟೆ, ಕೋಶ ಅಲ್ಲಿ ಉಳಿಯುತ್ತವೆ. ಆ ಪಾಲು ದಾರಿಯಿಂದಲೂ, ಬೆಂಕಿ ಹರಡದಂತೆ ಸವರಿಟ್ಟ ಬೆಂಕಿರೇಖೆಯಿಂದಲೂ ದೂರವಿರಲಿ, ಮರುವರ್ಷ ಬೇರೆ ಕಡೆ.

ಕಾಂಟ್ರ್ಯಾಕ್ಟ್ ಕೊಡುವ ಜಾಗವಾದರೆ ಈ ದಿನಾಂಕ, ಈ ಎತ್ತರ ಕರಾರಿನಲ್ಲೇ ಬರೆಸಿ. ಆಗಸ್ಟ್ 15ರ ಸ್ವಚ್ಛತೆಗೆ ದಾರಿ ಮತ್ತು ಮೂರಡಿ ಅಂಚು ಮಾತ್ರ ಎಂದು ಸ್ಪಷ್ಟವಾಗಿರಲಿ. ಬಾಯಿಮಾತು ಸಾಲದು, ಕೆಲಸಕ್ಕೆ ಬರುವವರು ಪ್ರತಿ ವರ್ಷ ಬೇರೆ.

ಧಾಮದ ಹೊರಗಿನ ತೋಪಾದರೆ, ಕಟಾವಾದ ಮೇಲೆ ಕುರಿಹಿಂಡನ್ನು ಒಂದೆರಡು ದಿನ ಒಳಗೆ ಬಿಡಬಹುದು. ಗೊರಸು ಬೀಜವನ್ನು ಮಣ್ಣಿಗೆ ಒತ್ತುತ್ತದೆ, ಹುಲ್ಲಿನ ಜೊಂಪೆ ಸಡಿಲವಾಗುತ್ತದೆ. ಜೂನಿನಿಂದ ಡಿಸೆಂಬರ್‌ವರೆಗೆ ಮಾತ್ರ ಹಿಂಡು ಬರಬಾರದು. ಇದನ್ನು ಕುರಿಯವರ ಜೊತೆ ಕೂತು ಮಾತಾಡಿ. ಕೊಯ್ದ ಹುಲ್ಲು ಅವರಿಗೇ ಕೊಟ್ಟರೆ ಮಾತು ಬೇಗ ಮುಗಿಯುತ್ತದೆ.

ದೀಪಾವಳಿಗೆ ಹೂ ಕೊಯ್ಯಲು ಬರುವವರನ್ನು ತಡೆಯಬೇಡಿ. ಅಂಚಿನ ತಂಗಡಿ, ಅಣ್ಣೆ ಅವರಿಗೆ, ಒಳಗಿನ ತುಂಡುಗಳು ಬೀಜಕ್ಕೆ ಎಂದು ಹೇಳಿಬಿಡಿ. ಅದಕ್ಕಾಗಿಯೇ ಅಂಚಿನಲ್ಲಿ ಎರಡು ಸಾಲು ಹೆಚ್ಚು ಹಾಕಿರಿ.

ಮೂರನೇ ವರ್ಷದಿಂದ ಬಿತ್ತನೆ ನಿಲ್ಲಿಸಿ, ತೆಳುವಾದ ಕಡೆ ಮಾತ್ರ ಕೈಬೀಜ ಹಾಕಿ. ಪ್ರತಿ ಚಳಿಗಾಲ ಪ್ರತಿ ಬಗೆಯದ್ದೂ ಒಂದು ಹಿಡಿ ಬೀಜ ಮಡಕೆಯಲ್ಲಿ ಎತ್ತಿಟ್ಟು, ಹಳೆಯದನ್ನು ಬದಲಾಯಿಸುತ್ತಿರಿ. ಈ ಸೀಮೆಯಲ್ಲಿ ಬರ ಬರುವುದು ಹೊಸತಲ್ಲ. ಮಖೆಯೂ ಪುಬ್ಬೆಯೂ ಎರಡೂ ಕೈಕೊಟ್ಟ ವರ್ಷ ತೋಪಿನ ಸಸಿಯೆಲ್ಲ ಸುಟ್ಟುಹೋದರೆ, ಮರುವರ್ಷದ ಬಿತ್ತನೆಗೆ ಆ ಮಡಕೆಯೇ ಗತಿ.